ಇಂಪೋಸ್ಟರ್ ಸಿಂಡ್ರೋಮ್: ಹೊಸಬರಿಗೆ ಸಲ್ಲದ ಹೆಸರು

ವೃತ್ತಿ ಬದಲಿಸಿದವರ ಮಾತಿನಲ್ಲಿ ಈಗ ಇಂಪೋಸ್ಟರ್ ಸಿಂಡ್ರೋಮ್, ಅಂದರೆ ಸಾಧಿಸಿ ತೋರಿಸಿದ ಮೇಲೂ ತನಗೆ ಅರ್ಹತೆಯಿಲ್ಲ ಎನಿಸುವುದು, ಬಾರದ ದಿನವಿಲ್ಲ. ಕೋಡಿಂಗ್ ಕಲಿಕೆಗೆ ಸೇರಿ ತಿಂಗಳಾಗದವರಿಗೆ ಅದು ಇದೆ, ನಿನ್ನೆ ಶಾಲೆಗೆ ಸೇರಿದ ಶಿಕ್ಷಕಿಗೆ ಇದೆ, ಇನ್ನೂ ಅರ್ಜಿಯನ್ನೇ ಹಾಕದವರಿಗೂ ಇದೆಯಂತೆ. ಮೊನ್ನೆ ಒಂದು ವೃತ್ತಿ ಮಾರ್ಗದರ್ಶನ ಶಿಬಿರದ ಕರಪತ್ರದಲ್ಲಿ ‘ಹೊಸ ಕೆಲಸದ ಭಯವೇ? ಅದು ಇಂಪೋಸ್ಟರ್ ಸಿಂಡ್ರೋಮ್ ಎಂಬ ಕಾಯಿಲೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಷ್ಟರಲ್ಲೇ ಎರಡು ತಪ್ಪು. ಅದು ಹೊಸ ಕೆಲಸದ ಭಯವಲ್ಲ, ಕಾಯಿಲೆಯೂ ಅಲ್ಲ.

ಪದ ಹುಟ್ಟಿದ್ದು ಎಲ್ಲಿ ಎಂದು ನೋಡಿದರೆ ಗೊಂದಲದ ಅರ್ಧಭಾಗ ಕಳೆಯುತ್ತದೆ. ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝನ್ ಐಮ್ಸ್ 1978ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಬರೆದದ್ದು 150ಕ್ಕೂ ಹೆಚ್ಚು ಮಹಿಳೆಯರ ಬಗ್ಗೆ. ಯಾರು ಆ ಮಹಿಳೆಯರು? ಡಾಕ್ಟರೇಟ್ ಪಡೆದವರು, ತಮ್ಮ ಕ್ಷೇತ್ರದಲ್ಲಿ ಹೆಸರು ಮಾಡಿದವರು, ಓದಿನಲ್ಲಿ ಮುಂದಿದ್ದಾರೆಂದು ಗುರುತಿಸಲಾಗಿದ್ದ ವಿದ್ಯಾರ್ಥಿನಿಯರು. ಅವರಲ್ಲೊಬ್ಬರಿಗೆ ಎರಡು ಸ್ನಾತಕೋತ್ತರ ಪದವಿ, ಒಂದು ಡಾಕ್ಟರೇಟ್, ಮೇಲೆ ಹಲವು ಪ್ರಕಟಣೆಗಳು. ಆದರೂ ತಮ್ಮದೇ ವಿಷಯದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅರ್ಹತೆಯೂ ತಮಗಿಲ್ಲ ಎಂದು ಆಕೆ ನಂಬಿದ್ದರು. ತಮಗೆ ಸೀಟು ಸಿಕ್ಕಿದ್ದು ಆಯ್ಕೆ ಸಮಿತಿಯ ಕಣ್ತಪ್ಪಿನಿಂದ ಎಂದುಕೊಂಡ ವಿದ್ಯಾರ್ಥಿನಿಯರೂ ಇದ್ದರು. ಸಾಧನೆಗೆ ಪುರಾವೆ ಕೈಯಲ್ಲೇ ಇದೆ, ಅದನ್ನು ತನ್ನದೆಂದು ಒಪ್ಪಿಕೊಳ್ಳಲು ಮನಸ್ಸು ಒಲ್ಲದು: ಇದು ಆ ಪರಿಕಲ್ಪನೆಯ ತಿರುಳು. ಮುಂದೆ ಇದು ಗಂಡಸರಲ್ಲೂ ಕಂಡುಬಂತು. ಆದರೆ ಪುರಾವೆ ಇರಬೇಕೆಂಬ ಷರತ್ತು ಬದಲಾಗಲಿಲ್ಲ.

ಇನ್ನು ಇಂಪೋಸ್ಟರ್ ಎಂಬ ಪದ. ಅದರ ಬೇರು ಲ್ಯಾಟಿನ್‌ನಲ್ಲಿದೆ. ‘ಮೇಲೆ ಹೇರು’ ಎಂಬ ಅರ್ಥದ ಕ್ರಿಯಾಪದವೊಂದು ಅಲ್ಲಿ ‘ಮೋಸ ಮಾಡು’ ಎಂಬ ಅರ್ಥಕ್ಕೂ ಹೊರಳಿ, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಕನ್ನಡದಲ್ಲಿ ಇದನ್ನು ಕೆಲವರು ‘ವಂಚಕ’ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ವಂಚಕನಿಂದ ಯಾರಿಗಾದರೂ ಏನಾದರೂ ನಷ್ಟವಾಗಿರಬೇಕು. ನಮ್ಮ ‘ಸೋಗು’ ಇದಕ್ಕೆ ಎಷ್ಟೋ ಹತ್ತಿರ. ಸೋಗು ಹಾಕುವವನು ತಾನಲ್ಲದ್ದನ್ನು ತಾನೆಂದು ತೋರಿಸುತ್ತಾನೆ, ನೋಡುವವರು ಅದನ್ನು ನಂಬುತ್ತಾರೆ. ಎರಡೂ ಕೂಡಿದರೆ ಮಾತ್ರ ಸೋಗು. ಹಾಗಾದರೆ ಕೆಲಸಕ್ಕೆ ಸೇರಿ ಒಂದು ವಾರವಾದವನದ್ದು ಯಾವ ಸೋಗು? ಅವನಿಗೆ ಕೆಲಸ ಬರುವುದಿಲ್ಲವೆಂದು ಅವನಿಗೆ ಗೊತ್ತು, ಪಕ್ಕದ ಮೇಜಿನವರಿಗೆ ಗೊತ್ತು, ಸಂಬಳ ಕೊಡುವವರಿಗೂ ಗೊತ್ತು. ಮೋಸ ಹೋದವರು ಯಾರೂ ಇಲ್ಲ.

ಸಿಂಡ್ರೋಮ್ ಎಂಬ ಬಾಲವಂತೂ ಪೂರ್ತಿ ಅನಗತ್ಯ. ಗ್ರೀಕ್‌ನಲ್ಲಿ ಅದಕ್ಕೆ ‘ಒಟ್ಟಿಗೆ ಓಡುವುದು’ ಎಂದರ್ಥ, ವೈದ್ಯರ ಬಾಯಲ್ಲಿ ಜೊತೆಜೊತೆಯಾಗಿ ಕಾಣಿಸಿಕೊಳ್ಳುವ ರೋಗಲಕ್ಷಣಗಳ ಗುಂಪು. ಕ್ಲಾನ್ಸ್ ಮತ್ತು ಐಮ್ಸ್ ಈ ಪದವನ್ನು ಬಳಸಲೇ ಇಲ್ಲ. ಅವರು ಕರೆದದ್ದು ಫಿನಾಮಿನನ್, ಅಂದರೆ ವಿದ್ಯಮಾನ, ಎಂದು. ಅಮೆರಿಕದ ಮನೋವೈದ್ಯರ ಸಂಘದ ಅಧಿಕೃತ ರೋಗಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. 2020ರಲ್ಲಿ ಈ ಕುರಿತ 62 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಇದು ಎಷ್ಟು ಜನರಲ್ಲಿದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಶೇ. 9ರಿಂದ ಶೇ. 82ರವರೆಗೆ ಹರಡಿಕೊಂಡಿತ್ತು. ಯಾವ ಪ್ರಶ್ನಾವಳಿ, ಎಷ್ಟು ಅಂಕಕ್ಕೆ ಗೆರೆ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಇಷ್ಟು ಹಿಗ್ಗುವ ಪದವನ್ನು ಹಿಡಿದುಕೊಂಡು ‘ನನಗೆ ಇದೆ’ ಎಂದರೆ ಕೇಳಿದವರಿಗೆ ಏನೂ ತಿಳಿದಂತಾಗುವುದಿಲ್ಲ.

ಹೊಸಬರಿಗೆ ಇರುವುದು ಅಳುಕು. ಹಿಂಜರಿಕೆ, ಅಂಜಿಕೆ ಎಂದರೂ ನಡೆಯುತ್ತದೆ. ಉದಾಹರಣೆಗೆ, ಹತ್ತು ವರ್ಷ ಬ್ಯಾಂಕಿನಲ್ಲಿ ದುಡಿದು, ಕಾನೂನು ಓದಿ, ಸನ್ನದು ಪಡೆದು ವಕೀಲಿಕೆಗೆ ಇಳಿದವರನ್ನು ತೆಗೆದುಕೊಳ್ಳಿ. ಪದವಿ ಇದೆ, ಅಖಿಲ ಭಾರತ ವಕೀಲರ ಪರೀಕ್ಷೆಯೂ ಪಾಸಾಗಿದೆ. ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟ್ ಹಾಲ್‌ನಲ್ಲಿ ನಿಂತರೆ ಮಾತ್ರ ಕೈಕಾಲು ಆಡುವುದಿಲ್ಲ. ಸೀನಿಯರ್ ಇನ್ನೊಂದು ಹಾಲ್‌ನಲ್ಲಿ ಸಿಕ್ಕಿಬಿದ್ದಿದ್ದಾರೆ, ಇಲ್ಲಿ ಪ್ರಕರಣವನ್ನು ಕೂಗಿಬಿಟ್ಟಿದ್ದಾರೆ. ಎದ್ದು ನಿಂತು ‘ಸ್ವಾಮಿ, ಪಾಸ್ ಓವರ್ ಕೊಡಬೇಕು’ ಎಂದು, ಅಂದರೆ ಪ್ರಕರಣವನ್ನು ಸ್ವಲ್ಪ ಹೊತ್ತು ಬಿಟ್ಟು ಕೂಗಿಸಿ ಎಂದು, ಹೇಳಬೇಕು, ಅಷ್ಟೆ. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಒಪ್ಪಿಸಬಲ್ಲ ನಾಲಗೆಗೆ ಈ ನಾಲ್ಕು ಪದ ಹೊರಡುವುದಿಲ್ಲ. ಕಾಸ್ ಲಿಸ್ಟ್‌ನಲ್ಲಿ (ಆ ದಿನದ ಪ್ರಕರಣಗಳ ಪಟ್ಟಿ) ತಮ್ಮ ಪ್ರಕರಣ ಎಲ್ಲಿದೆ, ಮುಂದಿನ ವಾಯಿದೆಯನ್ನು ಯಾರಲ್ಲಿ ಕೇಳಿ ಬರೆದುಕೊಳ್ಳಬೇಕು, ಶಿರಸ್ತೇದಾರರ ಮುಂದೆ ಯಾವ ಕಾಗದ ಇಡಬೇಕು, ಇವು ಯಾವ ಪಠ್ಯದಲ್ಲೂ ಇರಲಿಲ್ಲ. ‘ನನಗೆ ಈ ಕೆಲಸ ಬರುವುದಿಲ್ಲ’ ಎಂದು ಆಗ ಅವರಿಗೆ ಅನಿಸಿದರೆ, ಅದು ಭ್ರಮೆಯಲ್ಲ, ಸರಿಯಾದ ಅಂದಾಜು. ಸರಿಯಾದ ಅಂದಾಜಿಗೆ ರೋಗದ ಹೆಸರು ಕೊಟ್ಟರೆ ಕಲಿಯಬೇಕಾದ ಮನುಷ್ಯ ಚಿಕಿತ್ಸೆ ಹುಡುಕಿಕೊಂಡು ಹೊರಡುತ್ತಾನೆ.

ಅದಕ್ಕಿಂತ ನನಗೆ ಸಿಟ್ಟು ಬರಿಸುವುದು ಈ ಹೆಸರು ನೆಪವಾಗಿ ಒದಗುವ ಬಗೆ. ‘ಅರ್ಜಿ ಹಾಕಬೇಕೆಂದಿದ್ದೆ, ಇಂಪೋಸ್ಟರ್ ಸಿಂಡ್ರೋಮ್ ಬಿಡಲಿಲ್ಲ’ ಎಂದರೆ ಎದುರಿಗಿದ್ದವರು ತಲೆಯಾಡಿಸಿ ಸುಮ್ಮನಾಗಲೇಬೇಕು. ತಮಾಷೆಯೆಂದರೆ ಇದಕ್ಕೂ ಮನಶ್ಶಾಸ್ತ್ರದಲ್ಲಿ ಬೇರೆ ಹೆಸರಿದೆ, ಅದೂ 1978ರದ್ದೇ: ಸೆಲ್ಫ್ ಹ್ಯಾಂಡಿಕ್ಯಾಪಿಂಗ್, ತನಗೆ ತಾನೇ ಅಡ್ಡಗಾಲು ಹಾಕಿಕೊಳ್ಳುವುದು. ಮನಶ್ಶಾಸ್ತ್ರಜ್ಞರಾದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ವಿದ್ಯಾರ್ಥಿಗಳಿಗೆ ಒಂದಿಷ್ಟು ಸಮಸ್ಯೆಗಳನ್ನು ಕೊಟ್ಟರು. ಕೆಲವರಿಗೆ ಕೊಟ್ಟವು ಬಿಡಿಸಬಹುದಾದವು, ಕೆಲವರಿಗೆ ಬಿಡಿಸಲಾಗದವು. ಆದರೆ ಎಲ್ಲರಿಗೂ ‘ಬಹಳ ಚೆನ್ನಾಗಿ ಮಾಡಿದ್ದೀರಿ’ ಎಂದೇ ಹೇಳಿದರು. ಎರಡನೆಯ ಪರೀಕ್ಷೆಗೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಲು ಹೇಳಿದರು. ಒಂದು ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಇನ್ನೊಂದು ಮಂಕುಗೊಳಿಸುತ್ತದೆ ಎಂದು ತಿಳಿಸಿದರು. ತಾವು ಗೆದ್ದದ್ದು ಹೇಗೆಂದೇ ತಿಳಿಯದ ಹುಡುಗರು ಮಂಕುಗೊಳಿಸುವುದರ ಕಡೆಗೇ ಹೆಚ್ಚಾಗಿ ವಾಲಿದರು. ಸೋತರೆ ತಪ್ಪು ಔಷಧಿಯದ್ದು. ಕುಣಿಯಲಾರದವಳು ನೆಲ ಡೊಂಕು ಎನ್ನುವುದು ಕುಣಿದು ಸೋತ ಮೇಲೆ. ಇವರು ಗೆಜ್ಜೆ ಕಟ್ಟುವ ಮೊದಲೇ ನೆಲವನ್ನು ಡೊಂಕು ಮಾಡಿಟ್ಟುಕೊಂಡರು.

ಹಾಗೆಂದು ಪ್ರತಿಯೊಂದು ಅಡ್ಡಿಯೂ ಪಿಳ್ಳೆನೆವವಲ್ಲ. ನಮ್ಮ ‘ಸಬೂಬು’ ಅರಬಿಯ ಸಬಬ್‌ನಿಂದ ಬಂದದ್ದು. ಅಲ್ಲಿ ಅದಕ್ಕೆ ‘ಕಾರಣ’ ಎಂದಷ್ಟೇ ಅರ್ಥ, ಉರ್ದುವಿನಲ್ಲಿ ಇಂದಿಗೂ ಹಾಗೆಯೇ. ಕನ್ನಡಕ್ಕೆ ಬಂದ ಮೇಲೆ ಅದರ ಮೇಲೆ ಅನುಮಾನದ ನೆರಳು ಬಿತ್ತು. ಪ್ರೇರಣೆಯ ಭಾಷಣಕಾರರು ಮಾಡುವುದೂ ಇದನ್ನೇ: ಯಾವ ಕಾರಣ ಹೇಳಿದರೂ ಸಬೂಬು ಎನ್ನುತ್ತಾರೆ. ಮನೆ ಸಾಲದ ಕಂತು ಕಟ್ಟುತ್ತಿರುವವರು ‘ಜೂನಿಯರ್ ವಕೀಲನ ಆದಾಯದಲ್ಲಿ ಮನೆ ನಡೆಯುವುದಿಲ್ಲ’ ಎಂದರೆ ಅದು ಲೆಕ್ಕ. ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಪ್ರದೇಶಗಳಲ್ಲಿ 15,000 ರೂಪಾಯಿ ಕೊಡಬೇಕೆಂದು 2024ರಲ್ಲಿ ಹೇಳಿತು. ಅದೂ ಶಿಫಾರಸು ಮಾತ್ರ, ಕಡ್ಡಾಯವಲ್ಲ. ಗುರುತಿಸುವುದು ಕಷ್ಟವೇನಲ್ಲ: ಕಂತು ತೀರಿದ ಮರುತಿಂಗಳೇ ಹೆಜ್ಜೆ ಇಟ್ಟರೆ ಹೇಳಿದ್ದು ಕಾರಣ, ಕಂತು ತೀರಿದ ಮೇಲೆ ವಯಸ್ಸಿನ ಮಾತು, ವಯಸ್ಸಿನ ಬೆನ್ನಿಗೆ ಇಂಗ್ಲಿಷಿನ ಮಾತು ಹೊರಟರೆ ಸಬೂಬು.

ಅಳುಕು ಹೋಗುವ ದಾರಿಯ ಬಗ್ಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಒಂದು ಕೆಲಸ ತನ್ನಿಂದಾಗುತ್ತದೆ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಇತರರ ಹುರಿದುಂಬಿಸುವ ಮಾತು, ಎದೆಬಡಿತದಂಥ ದೇಹದ ಸೂಚನೆಗಳು. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಶಿಬಿರಗಳಲ್ಲಿ ದುಡ್ಡು ಕೊಟ್ಟರೆ ಸಿಗುವುದು ಮೂರನೆಯದು. ಪಾಸ್ ಓವರ್ ಕೇಳಲು ತಡವರಿಸಿದ ಜೂನಿಯರ್ ಕೆಲವು ತಿಂಗಳಲ್ಲಿ ತಾವೇ ವಾಯಿದೆ ಕೇಳುತ್ತಾರೆ, ಆಮೇಲೊಂದು ದಿನ ಸಣ್ಣ ಪ್ರಕರಣವೊಂದರಲ್ಲಿ ಪಾಟೀಸವಾಲಿಗೂ ನಿಲ್ಲುತ್ತಾರೆ. ‘ನೀವು ಮಾಡಬಲ್ಲಿರಿ’ ಎಂದು ಗೋಡೆಗೆ ಅಂಟಿಸಿದ ಹಾಳೆಯಿಂದ ಅದು ಆಗುವುದಿಲ್ಲ.

ಹಾಗಾದರೆ ಇಂಪೋಸ್ಟರ್ ಎಂಬ ಪದಕ್ಕೆ ಸರಿಯಾದ ಸಂದರ್ಭ ಯಾವುದು? ಅದೇ ವಕೀಲರು ಹದಿನೈದು ವರ್ಷ ಕಳೆದು, ಸಾಲಾಗಿ ಪ್ರಕರಣ ಗೆದ್ದು, ಕಿರಿಯರೇ ಸಲಹೆಗೆ ಬಂದು ಕೂತಿರುವಾಗ, ‘ಇದೆಲ್ಲ ಎದುರಿನವರು ಸರಿಯಾಗಿ ವಾದಿಸದ್ದರಿಂದ ಬಂದದ್ದು, ನನ್ನ ಬಂಡವಾಳ ಒಂದು ದಿನ ಬಯಲಾಗುತ್ತದೆ’ ಎಂದು ನಿದ್ದೆಗೆಟ್ಟರೆ, ಆಗ ಧಾರಾಳವಾಗಿ ಬಳಸಿ. ಅಂಥವರಿಗೆ ಕ್ಲಾನ್ಸ್ ಮತ್ತು ಐಮ್ಸ್ ಹೇಳಿಕೊಟ್ಟ ಅಭ್ಯಾಸವೊಂದಿದೆ: ಬಂದ ಮೆಚ್ಚುಗೆಯನ್ನೆಲ್ಲ ಬರೆದಿಡುವುದು, ಅದನ್ನು ಒಪ್ಪಿಕೊಳ್ಳದಿರಲು ತಾನು ಯಾವ ಉಪಾಯ ಹೂಡಿದೆ ಎಂಬುದನ್ನೂ ಜೊತೆಗೇ ಬರೆಯುವುದು. ಸನ್ನದು ಬಂದ ಮೊದಲ ವಾರದಲ್ಲಿರುವವರಿಗೆ ಹಾಗೆ ಬರೆದಿಡಲು ಏನೂ ಸಿಗುವುದಿಲ್ಲ. ಅವರಿಗೆ ಯಾರಾದರೂ ಕಾಸ್ ಲಿಸ್ಟ್ ಓದುವುದನ್ನು ಹೇಳಿಕೊಟ್ಟರೆ ಸಾಕು.