‘ಅನಯಾ’ ಅಂತ ಹೆಸರಿಡಬಹುದಾ?

ಪ್ರಶ್ನೆ: ಮಗಳಿಗೆ ‘ಅನಯಾ’ ಎಂದು ಹೆಸರಿಡುವ ಆಸೆ. ಹೆಸರುಗಳ ವೆಬ್‌ಸೈಟೊಂದರಲ್ಲಿ ‘ತನಗಿಂತ ಮೇಲಿಲ್ಲದವಳು’ ಎಂಬ ಅರ್ಥ ಕೊಟ್ಟಿದ್ದಾರೆ. ಮನೆಯ ಹಿರಿಯರು ‘ಅದು ಕೆಟ್ಟ ಅರ್ಥದ ಪದ, ಬೇಡ’ ಅನ್ನುತ್ತಿದ್ದಾರೆ. ನಾಮಕರಣಕ್ಕೆ ಇನ್ನು ನಾಲ್ಕೇ ದಿನ. ಬಿಟ್ಟುಬಿಡಬೇಕಾ?

ಉತ್ತರ: ಹಿರಿಯರು ಹೇಳಿದ್ದು ಸರಿ. ‘ನಯ’ ಎಂದರೆ ನೀತಿ, ಒಳ್ಳೆಯ ನಡತೆ. ಮುಂದೆ ‘ಅ’ ಸೇರಿದರೆ ನೀತಿಗೇಡು, ಆಪತ್ತು. 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟನ್ನು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು, ಅಲ್ಲಿರುವುದೂ ಇದೇ ಅರ್ಥ. ಹತ್ತಿರದ ದನಿಯ ‘ಇನಾಯಾ’ ಬೇರೆಯೇ ಪದ. ಅದು ಅರಬ್ಬಿ, ಕಾಳಜಿ ಎಂಬ ಅರ್ಥದ್ದು. ಹೆಸರಿನ ವೆಬ್‌ಸೈಟುಗಳ ಅರ್ಥವನ್ನು ನಿಘಂಟಿಗೆ ತಾಳೆ ಹಾಕದೆ ನಂಬಲೇಬಾರದು. ‘ರೇಯಾಂಶ್’ ಎಂದರೆ ಸೂರ್ಯಕಿರಣದ ಅಂಶ ಎನ್ನುತ್ತಾರೆ. ಕಿರಣಕ್ಕೆ ‘ರೇ’ ಎನ್ನುವುದು ಇಂಗ್ಲಿಷು, ಸಂಸ್ಕೃತವಲ್ಲ. ‘ಕೃತಿ’ ಚಂದದ ಹೆಸರು, ಆದರೆ ‘ಕೃತ್ಯಾ’ ಮಾಟದಿಂದ ಎಬ್ಬಿಸುವ ಮಾರಕ ಶಕ್ತಿ.

ಇಷ್ಟಾದರೂ ನಿಘಂಟಿನ ಅರ್ಥವೊಂದೇ ಹೆಸರನ್ನು ಕೆಡಿಸುವುದಿಲ್ಲ. ಕನ್ನಡದಲ್ಲಿ ‘ಸಾಯಿ’ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಸಾಯಿಕುಮಾರ ಎಂದಾಗ ಯಾರಿಗೂ ಸಾವು ನೆನಪಾಗುವುದಿಲ್ಲ. ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪ, ಹುಚ್ಚ ಎಂದು ಬೇಕೆಂದೇ ಕರೆಯುತ್ತಿದ್ದರು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಚಿತ್ರದುರ್ಗ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿಗೆ ಗೌರವವೇ ಹೊರತು ನಗುವಿಲ್ಲ. ‘ಅಸ್ಮಿತಾ’ ಯೋಗಶಾಸ್ತ್ರದ ಐದು ಕ್ಲೇಶಗಳಲ್ಲಿ ಒಂದು, ‘ನಾನು’ ಎಂಬ ಭ್ರಮೆ. ಇವತ್ತಿನ ಕನ್ನಡದಲ್ಲಿ ಅಸ್ಮಿತೆ ಹೆಮ್ಮೆಯ ಮಾತು. ಬಳಕೆ ಹೆಚ್ಚಾದಂತೆ ಅರ್ಥ ಸವೆಯುತ್ತದೆ.

ಸವೆಯದೇ ಉಳಿಯುವುದು ದನಿ. ಅದರಲ್ಲೂ ಬೈಗುಳ, ಮೈಯ ಭಾಗ, ಹೇಸಿಗೆಯ ಪದಗಳಿಗೆ ತಾಗುವ ದನಿ. ಏಕೆಂದರೆ ಪ್ರತಿವರ್ಷ ಹೊಸ ಮಕ್ಕಳು ಅದನ್ನು ಹೊಸದಾಗಿ ಕಂಡುಹಿಡಿಯುತ್ತಾರೆ. ‘ಋತಿಕಾ’ ಹೆಸರಿನ ಕೊನೆಯ ಎರಡಕ್ಷರವನ್ನು ಮೂರನೇ ಕ್ಲಾಸಿನ ಹುಡುಗರು ಬಿಡುತ್ತಾರೆಂದು ನೆಚ್ಚಬೇಡಿ. ‘ನಾಯ್ರಾ’ದಲ್ಲಿ ನಾಯಿ ಕುಳಿತಿದೆ. ಜ಼ಾರಾ ಕೇಳಲು ಚಂದ, ಆದರೆ ನಾವು ಚುಕ್ಕಿ ಇಡುವುದಿಲ್ಲ, ಹಾಜರಿ ಪುಸ್ತಕದಲ್ಲಿ ಅವಳು ‘ಜಾರಾ’. ಜಾರ, ಜಾರಿಣಿ ಪದಗಳನ್ನು ಕನ್ನಡ ಮೇಷ್ಟ್ರು ಬಲ್ಲರು. ‘ಮೈರಾ’ ಕನ್ನಡದಲ್ಲಿ ಸುಮ್ಮನಿದೆ, ತಮಿಳು, ಮಲಯಾಳಗಳಲ್ಲಿ ಬೈಗುಳಕ್ಕೆ ತೀರಾ ಹತ್ತಿರ. ಬೆಂಗಳೂರಿನ ಶಾಲೆಯಲ್ಲಿ ಅದು ಸಣ್ಣ ವಿಷಯವಲ್ಲ.

ವಿದೇಶದಲ್ಲಿ ಬೆಳೆಯುವ ಮಗುವಾದರೆ ಲೆಕ್ಕ ತಿರುವುಮುರುವು. ಹರ್ಷಿತ್, ರಕ್ಷಿತ್ ಎಂದು ಇಂಗ್ಲಿಷಿನಲ್ಲಿ ಬರೆದು ಕೊನೆಯ ನಾಲ್ಕಕ್ಷರ ನೋಡಿ. (ಉತ್ತರದವರು ನಗುವ ನಮ್ಮ ‘ಟಿಎಚ್’ ಅಭ್ಯಾಸ ಇಲ್ಲಿ ಮಾನ ಉಳಿಸುತ್ತದೆ.) ‘ಅನಲ’ ಬೆಂಕಿ, ಒಳ್ಳೆಯ ಹೆಸರು, ಇಂಗ್ಲಿಷ್ ಲಿಪಿಯಲ್ಲಿ ಮಾತ್ರ ಬೇಡ. ಜರ್ಮನಿಯಲ್ಲಿ ‘ಸ್ವಸ್ತಿಕ್’ ಎಂಬ ಹೆಸರು ಹೊತ್ತವನು ಬದುಕಿಡೀ ವಿವರಣೆ ಕೊಡುತ್ತಿರಬೇಕು. ಅಲ್ಲಿಂದ ‘ಹೇಲಿ’ ಎಂಬ ಹೆಸರು ಹೊತ್ತು ತಂದರೆ ಊರಿನ ಅಜ್ಜಿ ಅದನ್ನು ಬಾಯಿಬಿಟ್ಟು ಕೂಗಲಾರಳು.

ಪರೀಕ್ಷೆಗೆ ಒಂದು ಸಂಜೆ ಸಾಕು. ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಬರೆದು, ಅದನ್ನು ಹಿಂದೆ ಕೇಳಿರದ ಮೂವರಿಗೆ ಕೊಟ್ಟು ಕನ್ನಡದಲ್ಲಿ ಬರೆಯಲು ಹೇಳಿ. ಮೂರು ಬಗೆ ಬಂದರೆ ಮುಂದೆ ದಾಖಲೆಗಳಲ್ಲೂ ಮೂರು ಬಗೆಯೇ. ಗೇಟಿನಿಂದ ಜೋರಾಗಿ ಕೂಗಿ ನೋಡಿ. ಸಿಟ್ಟಿನಲ್ಲಿ ‘ಏ’ ಸೇರಿಸಿ ಗದರಿ ನೋಡಿ, ಮೊಟಕು ಮಾಡಿ ನೋಡಿ. ಮೊದಲರ್ಧ, ಕೊನೆಯರ್ಧ ಎರಡೂ. ಇನಿಷಿಯಲ್ ಸೇರಿಸಿ ಓದಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲನ್ನು ಬಿಡಿಸಿ ಬರೆಯಬೇಕಾಗುವುದರಿಂದ ಊರು, ಅಪ್ಪನ ಹೆಸರು ಜೊತೆಗಿಟ್ಟೂ ಓದಿ. ಆಮೇಲೆ ಹತ್ತು ವರ್ಷದ ಒಂದು ತುಂಟ ಮಗುವನ್ನು ಕೂರಿಸಿಕೊಂಡು, ‘ಈ ಹೆಸರಿನವಳನ್ನು ಹೇಗೆ ರೇಗಿಸುತ್ತೀಯ?’ ಎಂದು ಕೇಳಿ. ಇದಕ್ಕಿಂತ ಒಳ್ಳೆಯ ನಿಘಂಟು ಇನ್ನೂ ಅಚ್ಚಾಗಿಲ್ಲ.

ಜನ್ಮನಕ್ಷತ್ರದ ಅಕ್ಷರವೇ ತೊಡಕಾಗಿದ್ದರೆ ಹೆದರಬೇಡಿ. ಆರ್ದ್ರಾ ಮೂರನೇ ಪಾದಕ್ಕೆ ‘ಙ’, ಹಸ್ತದ ಮೂರನೇ ಪಾದಕ್ಕೆ ‘ಣ’ ಬರುತ್ತದೆ. ಆ ಅಕ್ಷರದಿಂದ ಕನ್ನಡ ಪದ ಶುರುವಾಗುವುದೇ ಇಲ್ಲ. ನಾಮಕರಣದಲ್ಲಿ ಮಾಸನಾಮ, ನಕ್ಷತ್ರನಾಮ, ವ್ಯವಹಾರನಾಮ ಎಂದು ಬೇರೆಬೇರೆ ಇಡುವ ಪದ್ಧತಿ ಇರುವುದು ಅನುಕೂಲಕ್ಕೇ. ಹಿರಿಯರಿಗೆ ಇಷ್ಟವಾದದ್ದನ್ನು ಅಲ್ಲಿ ಸೇರಿಸಬಹುದು.

ನಾಲ್ಕೇ ದಿನ ಎಂಬ ಗಡುವು ತೊಟ್ಟಿಲಿನದು, ಸರ್ಕಾರದ್ದಲ್ಲ. ಜನನವನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ನೋಂದಣಿಯಾಗಿ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಆಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಸೇರಿದ ಹೆಸರನ್ನು ಬದಲಿಸುವುದು ಮಾತ್ರ ಕಷ್ಟ, ಕಾಗುಣಿತದ ತಪ್ಪು ತಿದ್ದುವಷ್ಟು ಸಲೀಸಲ್ಲ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಹುಟ್ಟಿದ ದಿನ, ಸ್ಥಳದ ಆಧಾರ ಜನನ ಪ್ರಮಾಣಪತ್ರವೇ. ಹಾಗಾಗಿ ಒಂದೆರಡು ತಿಂಗಳು ಮನೆಯಲ್ಲಿ ಕರೆದು ನೋಡಿ, ಆಮೇಲೆ ಬರೆಸಿ.

ಇನ್ನು ನಿಮ್ಮ ‘ಅನಯಾ’. ಅರ್ಥದ ಆಕ್ಷೇಪವನ್ನು ದಾಟಬಹುದಿತ್ತು. ತೊಂದರೆ ಇಂಗ್ಲಿಷ್ ಕಾಗುಣಿತದಲ್ಲಿದೆ: ಅದನ್ನು ನೋಡಿದವರಲ್ಲಿ ಅರ್ಧ ಜನ ‘ಅನಾಯಾ’ ಎಂದೇ ಓದುತ್ತಾರೆ, ಅಲ್ಲಿಂದ ‘ಆ ನಾಯಿ’ಗೆ ಒಂದೇ ಹೆಜ್ಜೆ. ಕರ್ನಾಟಕದಲ್ಲಿ ಬೆಳೆಯುವ ಮಗುವಾದರೆ ಬಿಡುವುದೇ ಲೇಸು. ಆ ದನಿಯೇ ಬೇಕೆಂದರೆ ‘ಸುನಯಾ’ ನೋಡಿ: ಒಳ್ಳೆಯ ನಡತೆಯವಳು. ಕರೆಯಲು ‘ಸುನಿ’. ತುಂಟ ಮಗುವಿನ ಪರೀಕ್ಷೆ ಅದಕ್ಕೂ ಆಗಲಿ.