ಎಡಗಡೆ ಜಾಗ ಖಾಲಿ ಇದೆ ಅಂತ ನುಗ್ಗಬೇಡಿ

ಆಫೀಸಿಗೆ ಸೈಕಲ್‌ನಲ್ಲಿ ಹೋಗಬೇಕು ಎಂದು ನನ್ನ ಹತ್ತಿರ ಕಲಿಯಲು ಬರುವವರು ಮೊದಲು ಕೇಳುವುದು ಹೆಲ್ಮೆಟ್ ಬಗ್ಗೆ. ಆಮೇಲೆ ಲೈಟು, ಆಮೇಲೆ ಗೇರು. ಅದನ್ನೆಲ್ಲ ಅಂಗಡಿಯವರೇ ಚೆನ್ನಾಗಿ ಹೇಳುತ್ತಾರೆ. ನಾನು ಹೇಳುವುದು ಒಂದೇ ಮಾತು. ಎಷ್ಟು ಸಲ ಹೇಳಿದರೂ ಬೆಂಗಳೂರಿನ ಮಾರತಹಳ್ಳಿ ಹತ್ತಿರ ಟ್ರಾಫಿಕ್ ನಿಂತ ತಕ್ಷಣ ಅದು ಮರೆತುಹೋಗುತ್ತದೆ. ಫುಟ್‌ಪಾತಿಗೂ ಕಾರಿಗೂ ನಡುವೆ 2 ಅಡಿ ಜಾಗ ಕಂಡರೆ ಸಾಕು, ನುಗ್ಗಿಬಿಡುತ್ತಾರೆ.

"ಸರ್, ಸೈಕಲ್‌ನವರು ಎಡಗಡೆ ತಾನೇ ಹೋಗಬೇಕು?" ಅಂತ ವಾದ ಬೇರೆ. ಹೌದು ಸ್ವಾಮಿ, ವಾಹನಗಳು ಓಡುತ್ತಿರುವಾಗ ಎಡಕ್ಕೇ ಇರಿ. ಆದರೆ ನಿಂತ ಸಾಲನ್ನು, ತೆವಳುವ ಸಾಲನ್ನು ದಾಟಿ ಮುಂದೆ ಹೋಗುವುದು ಓವರ್‌ಟೇಕ್. ನಮ್ಮ ದೇಶದಲ್ಲಿ ಓವರ್‌ಟೇಕ್ ಮಾಡಬೇಕಾದ್ದು ಬಲದಿಂದ. ಕಾನೂನಿನ ಮಾತು ಒಂದು ಕಡೆ ಇರಲಿ. ಆ ಜಾಗದಲ್ಲಿ ಏನೇನಾಗುತ್ತದೆ ನೋಡಿ.

ನಮ್ಮ ಕಾರುಗಳಲ್ಲಿ ಡ್ರೈವರ್ ಕೂರುವುದು ಬಲಗಡೆ, ಜನ ಇಳಿಯುವುದು ಎಡಗಡೆ. ಟ್ರಾಫಿಕ್ ಅಲ್ಲಾಡದಿದ್ದರೆ ಕ್ಯಾಬ್‌ನಲ್ಲಿ ಕೂತವರಿಗೆ ತಾಳ್ಮೆ ಕೆಡುತ್ತದೆ. "ಇಲ್ಲೇ ಇಳ್ಕೋತೀನಿ ಬಿಡಿ" ಅಂತ ಬಾಗಿಲು ತೆಗೆಯುತ್ತಾರೆ. ಹಿಂದೆ ನೋಡುವ ಅಭ್ಯಾಸ ಯಾರಿಗಿದೆ? ಪೂರ್ತಿ ತೆಗೆದ ಬಾಗಿಲು ಹತ್ತಿರ ಹತ್ತಿರ 3 ಅಡಿ ಹೊರಗೆ ಬರುತ್ತದೆ. ನೀವು ನುಗ್ಗಿದ್ದು 2 ಅಡಿಯಲ್ಲಿ. ಆಟೋ ಇನ್ನೂ ಕಷ್ಟ. ಅದಕ್ಕೆ ಬಾಗಿಲೇ ಇಲ್ಲ, ನೇರವಾಗಿ ಕಾಲೇ ಹೊರಗೆ ಬರುತ್ತದೆ.

ಗಂಟೆಗೆ 20 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಬಾಗಿಲು ಕಣ್ಣಿಗೆ ಬಿದ್ದು ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಹೋಗಿರುತ್ತದೆ. ಅಷ್ಟರಲ್ಲಿ ಒಂದು ಸಣ್ಣ ಕಾರಿನ ಉದ್ದಕ್ಕಿಂತ ಜಾಸ್ತಿ ದೂರ ಸಾಗಿರುತ್ತೀರಿ. ಬ್ರೇಕ್ ಕೆಲಸ ಶುರುವಾಗುವುದೇ ಆಮೇಲೆ.

ಒಬ್ಬ ಹುಡುಗ, ಸಾಫ್ಟ್‌ವೇರ್ ಕೆಲಸ, ಬಹಳ ಶಿಸ್ತಿನವನು. ಹೀಗೇ ಒಂದು ಬಾಗಿಲಿಗೆ ಗುದ್ದಿ ಕಾಲರ್ ಬೋನ್ ಮುರಿದುಕೊಂಡ. ನೋಡಲು ಹೋದರೆ, "ಬೆಲ್ ಹೊಡೆದಿದ್ದೆ ಸರ್" ಅಂತ ನನಗೇ ಸಮಾಧಾನ ಹೇಳಿದ! ಗಾಜು ಏರಿಸಿ, ಎಸಿ ಹಾಕಿ, ಹಾಡು ಕೇಳುತ್ತಾ ಕೂತವರಿಗೆ ನಿಮ್ಮ ಟ್ರಿಣ್ ಟ್ರಿಣ್ ಕೇಳುತ್ತದಾ ಮಾರಾಯ? ಪಾಪ, ಒಳ್ಳೆ ಹುಡುಗ. ಈಗ ಮತ್ತೆ ಓಡಿಸುತ್ತಿದ್ದಾನೆ.

ಬಸ್ಸಿನ ಎಡಗಡೆಗಂತೂ ಹೋಗಲೇಬೇಡಿ. ನಿಂತಿದ್ದರೂ ಬೇಡ, ಚಲಿಸುತ್ತಿದ್ದರೂ ಬೇಡ. ಸಿಗ್ನಲ್‌ನಲ್ಲಿ ಯಾರೋ "ಡ್ರೈವರ್, ಸ್ವಲ್ಪ ಡೋರ್ ತೆಗೀರಿ" ಅನ್ನುತ್ತಾರೆ, ನಾಲ್ಕು ಜನ ದಬದಬ ಇಳಿಯುತ್ತಾರೆ. ಅದಕ್ಕಿಂತ ಅಪಾಯ ಎಡ ತಿರುವಿನದು. ಉದ್ದದ ಬಸ್ಸು, ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲೇ ಬರುವುದಿಲ್ಲ, ಒಳಗೆ ಕತ್ತರಿಸಿಕೊಂಡು ಬರುತ್ತದೆ. ಮುಂದೆ ಅಷ್ಟು ಜಾಗವಿದೆ ಅಂತ ನಿಂತವರನ್ನು ಹಿಂದಿನ ಚಕ್ರ ಮೋರಿ ಕಲ್ಲಿಗೆ ಒತ್ತುತ್ತದೆ. ಬಲಗಡೆ ಕೂತ ಡ್ರೈವರಿಗೆ ನೀವು ಬಹುಮಟ್ಟಿಗೆ ಕಾಣುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು? ಸುಮ್ನೆ ನಿಲ್ಲಿ. ಮುಂದಿನ ಕಾರಿನ ಹಿಂದೆ, ಲೇನಿನ ನಡುವೆ, ಅದರ ಕನ್ನಡಿಯಲ್ಲಿ ಡ್ರೈವರಿನ ಮುಖ ನಿಮಗೆ ಕಾಣುವ ಹಾಗೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಅವರೂ ಎಲ್ಲಿಗೂ ಹೋಗುತ್ತಿಲ್ಲ, ಅಲ್ವಾ?

ರಸ್ತೆ ಪಳಗಿದ ಮೇಲೆ, ಸಾಲು ಪೂರ್ತಿ ನಿಂತಿದ್ದರೆ ಮಾತ್ರ, ಬಲದಿಂದ ದಾಟಬಹುದು. ಹೊಸಬರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ. ಬಲಗಡೆಯೂ ಹೂವಿನ ಹಾಸಿಗೆಯಲ್ಲ. ಹಿಂದಿನಿಂದ ಬೈಕುಗಳು ಬರುತ್ತವೆ, ಎರಡು ಕಾರುಗಳ ಮಧ್ಯದಿಂದ ರಸ್ತೆ ದಾಟುವವರು ಬರುತ್ತಾರೆ. ಕಿಟಕಿಯಿಂದ ಉಗುಳುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಆದ್ದರಿಂದ ಜೋರಾಗಿ ನಡೆಯುವವರ ವೇಗಕ್ಕಿಂತ ಸ್ವಲ್ಪವೇ ಜಾಸ್ತಿ, ಬ್ರೇಕ್ ಮೇಲೆ ಎರಡು ಬೆರಳು. ಸಾಲು ಅಲುಗಿದ ಕೂಡಲೇ ಎರಡು ವಾಹನಗಳ ನಡುವೆ ಸೇರಿಕೊಳ್ಳಿ. ಇಂಡಿಕೇಟರ್ ನಂಬಬೇಡಿ, ಮುಂದಿನ ಚಕ್ರ ನೋಡಿ. ಕಾರು ತಿರುಗುವುದು ಅಲ್ಲೇ ಮೊದಲು ಗೊತ್ತಾಗುತ್ತದೆ. ಕ್ಯಾಬ್‌ನ ಒಳಗೆ ದೀಪ ಹತ್ತಿತು, ಹಿಂದೆ ಕೂತವರು ಮೊಬೈಲ್ ಮುಂದೆ ಚಾಚಿ ಸ್ಕ್ಯಾನ್ ಮಾಡುತ್ತಿದ್ದಾರೆ ಅಂದರೆ ಬಾಗಿಲು ತೆಗೆಯುವ ಹೊತ್ತು ಬಂತು ಎಂದೇ ತಿಳಿಯಿರಿ.

ಸೈಕಲ್‌ಗೆ ಬೇರೆ ದಾರಿ ಮಾಡಿಕೊಡಲಿ ಅನ್ನುತ್ತೀರಿ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಮಾಡಿಕೊಟ್ಟಿದ್ದರು. ಬೈಕುಗಳು ನುಗ್ಗಿದವು, ಕಂಬ ಮುರಿದವು, ಕೊನೆಗೆ ದಾರಿಯೇ ಹೋಯಿತು. ಮತ್ತೆ ಬರುವ ತನಕ ಕಾರುಗಳ ಜೊತೆಗೇ ಬಾಳಬೇಕು.

ಇದನ್ನು ಕ್ಯಾಬ್‌ನಲ್ಲಿ ಕೂತು ಓದುತ್ತಿರುವವರಿಗೂ ಒಂದು ಕೋರಿಕೆ. ಎಡ ಬಾಗಿಲನ್ನು ಬಲಗೈಯಿಂದ ತೆಗೆಯಿರಿ. ಮೈ ತಾನಾಗಿಯೇ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ. ಡಚ್ಚರಲ್ಲಿ ಈ ರೂಢಿ ಇದೆ. ಬ್ರಿಟನ್ನಿನ ರಸ್ತೆ ನಿಯಮಗಳ ಪುಸ್ತಕಕ್ಕೂ 2022ರಲ್ಲಿ ಇದು ಸೇರಿದೆ.