ಕಿಟ್‌ನಲ್ಲಿ ಗೆರೆ ಬರಲಿಲ್ಲ ಅಂದರೆ ಉಣ್ಣೆ ಜ್ವರ ಇಲ್ಲ ಅಂತಲ್ಲ

ನಾಯಿಗೆ ಜ್ವರ, ಊಟ ಬೇಡ, ಮೂಲೆ ಹಿಡಿದು ಮಲಗಿದೆ. ಮುಂಬೈಯಲ್ಲಿ ಹೀಗೆ ಬರುವ ನಾಯಿಯಲ್ಲಿ ಪಶುವೈದ್ಯರಾದ ನಾವು ಮೊದಲು ಅನುಮಾನ ಪಡುವುದು ಟಿಕ್ ಫೀವರ್, ಅಂದರೆ ರಕ್ತ ಹೀರುವ ಉಣ್ಣೆ ಕಚ್ಚಿ ಬರುವ ಉಣ್ಣೆ ಜ್ವರವನ್ನೇ. ಇಲ್ಲಿನ ಸೆಕೆ ಕಂದು ಉಣ್ಣೆಗೆ ಬಹಳ ಹಿತ. ಅದು ಹುಲ್ಲಲ್ಲಿ ಮಾತ್ರ ಇರುತ್ತದೆ ಅಂದುಕೊಳ್ಳಬೇಡಿ. ಎಂಟನೇ ಮಹಡಿಯ ಫ್ಲಾಟ್‌ನ ಗೋಡೆಯ ಬಿರುಕಲ್ಲೂ ಮೊಟ್ಟೆ ಇಡುತ್ತದೆ, ಅದೂ ಸಾವಿರಗಟ್ಟಲೆ.

ಕ್ಲಿನಿಕ್‌ನಲ್ಲೇ ಮಾಡುವ ರ‍್ಯಾಪಿಡ್ ಕಿಟ್ ಬಂದ ಮೇಲೆ ಕೆಲಸ ಹಗುರವಾಗಿದೆ, ನಿಜ. ಒಂದೆರಡು ಹನಿ ರಕ್ತ, ಮೇಲೆ ಬಫರ್, ಹತ್ತು ಹದಿನೈದು ನಿಮಿಷ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಕಿಟ್ ಎಸೆಯಬೇಕು. ರೋಗದ ಗೆರೆ ಎಷ್ಟೇ ತೆಳುವಾಗಿದ್ದರೂ ಪಾಸಿಟಿವ್ ಅಂತಲೇ ಲೆಕ್ಕ. ಹೇಳಿದ ಸಮಯ ದಾಟಿದ ಮೇಲೆ ಮೂಡಿದ ಗೆರೆಯನ್ನು ನಂಬುವ ಹಾಗಿಲ್ಲ. ಇಷ್ಟೆಲ್ಲ ಸುಲಭ. ತೊಡಕು ಇರುವುದು ಆ ಗೆರೆಗೆ ಅರ್ಥ ಹಚ್ಚುವುದರಲ್ಲಿ.

ಮಾಟುಂಗಾದ ಒಂದು ಕನ್ನಡದ ಮನೆಯವರು ತಮ್ಮ ಲ್ಯಾಬ್ರಡಾರ್ ಕರೆತಂದರು. ಬೇರೆ ಕಡೆ ಕಿಟ್ ಮಾಡಿಸಿ ಆಗಿತ್ತು. "ಡಾಕ್ಟ್ರೇ, ನಾಲ್ಕೂ ನೆಗೆಟಿವ್ ಬಂದಿದೆ. ಹಾಗಾದ್ರೆ ಟಿಕ್ ಫೀವರ್ ಅಲ್ಲ, ಅಲ್ವಾ?" ಅಂದರು ಮನೆಯ ಹಿರಿಯರು. ತುಟಿ ಎತ್ತಿ ನೋಡಿದೆ, ಒಸಡು ಬಿಳಿಚಿಕೊಂಡಿತ್ತು. ಮೂತ್ರ ಕಂದು ಬಣ್ಣಕ್ಕೆ ತಿರುಗಿದೆ ಅಂತ ಅವರೇ ಹೇಳಿದರು. ಆ ಕಿಟ್ ಹುಡುಕಿದ್ದು ಉಣ್ಣೆಯಿಂದ ಬರುವ ಎರ್ಲಿಕಿಯಾ, ಅನಾಪ್ಲಾಸ್ಮಾ, ಲೈಮ್ ಮತ್ತು ಸೊಳ್ಳೆಯಿಂದ ಬರುವ ಹೃದಯದ ಹುಳು. ಬೇಬಿಸಿಯಾ ಅದರ ಪಟ್ಟಿಯಲ್ಲೇ ಇರಲಿಲ್ಲ! ಅದೂ ಉಣ್ಣೆಯಿಂದಲೇ ಬರುವುದು, ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುವ ಪರಾವಲಂಬಿ.

ಕಿವಿಯ ಅಂಚಿಗೆ ಸೂಜಿ ತಾಗಿಸಿ ಒಂದು ಹನಿ ತೆಗೆದೆ. ಕಾಲಿನ ರಕ್ತನಾಳಕ್ಕಿಂತ ಕಿವಿ ತುದಿಯ ರಕ್ತದಲ್ಲಿ ಬೇಬಿಸಿಯಾ ಸಿಗುವ ಸಂಭವ ಜಾಸ್ತಿ. ಸ್ಲೈಡ್ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಬಿಟ್ಟು ದೊಡ್ಡ ಲೆನ್ಸ್‌ನಲ್ಲಿ ನೋಡಬೇಕು. ಕೆಲವು ಕೆಂಪು ಕಣಗಳ ಒಳಗೆ ಪುಟ್ಟ ಉಂಗುರದಂಥ ಆಕಾರ, ಅಂಚಲ್ಲಿ ನೇರಳೆ ಚುಕ್ಕೆ. ಬೇಬಿಸಿಯಾದ ಒಂದು ಜಾತಿ, ಬೇಬಿಸಿಯಾ ಗಿಬ್ಸೋನಿ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ 28 ದಿನ ಕೊಡುತ್ತೇವೆ. ಗಿಬ್ಸೋನಿಗೆ ಅದೊಂದೇ ಸಾಲದು. ಅಟೊವಾಕ್ವೋನ್ ಜೊತೆ ಅಜಿಥ್ರೊಮೈಸಿನ್ 10 ದಿನ, ಅಥವಾ ಬೇರೆ ಔಷಧಗಳ ಜೋಡಿ ಬೇಕಾಗುತ್ತದೆ. ಅದಕ್ಕೇ ಹೆಸರು ಗೊತ್ತಾಗದೆ ಔಷಧ ಶುರು ಮಾಡುವುದು ನನಗೆ ಇಷ್ಟವಿಲ್ಲ. ಸ್ಲೈಡಲ್ಲೂ ಕಾಣದೆ ಅನುಮಾನ ಹೋಗದಿದ್ದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ ಕಳಿಸುತ್ತೇನೆ. ದುಬಾರಿ, ರಿಪೋರ್ಟ್‌ಗೆ ಕಾಯಬೇಕು, ಆದರೂ ಕಳಿಸುತ್ತೇನೆ.

ಪಟ್ಟಿಯಲ್ಲಿರುವ ರೋಗದಲ್ಲೂ ಗೆರೆ ದಾರಿ ತಪ್ಪಿಸಬಹುದು. ಎರ್ಲಿಕಿಯಾ ಕಿಟ್ ನೋಡುವುದು ರೋಗಾಣುವನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಯನ್ನು. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಆಂಟಿಬಾಡಿ ಸಾಕಷ್ಟು ಇರದೇ ಇರಬಹುದು. ಆಗ ಜ್ವರ ಇದ್ದರೂ ಗೆರೆ ಮೂಡುವುದಿಲ್ಲ. ಎರಡು ಮೂರು ವಾರ ಬಿಟ್ಟು ಮತ್ತೆ ಮಾಡಿದರೆ ಮೂಡುತ್ತದೆ. ಇನ್ನು ವಾಸಿಯಾದ ನಾಯಿಯಲ್ಲಿ ಆಂಟಿಬಾಡಿ ಎಷ್ಟೋ ತಿಂಗಳು ಉಳಿಯುತ್ತದೆ, ಕೆಲವದರಲ್ಲಿ ವರ್ಷ ದಾಟಿಯೂ. "ಔಷಧ ಪೂರ್ತಿ ಕೊಟ್ಟೆವು, ಇನ್ನೂ ಪಾಸಿಟಿವ್" ಅಂತ ಗಾಬರಿಯಾಗಿ ಫೋನ್ ಮಾಡುವವರಿಗೆ ನಾನು ಕೇಳುವುದು ಊಟ ಹೇಗಿದೆ, ಈ ರೋಗದಲ್ಲಿ ಕುಸಿಯುವ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಷ್ಟಿದೆ ಅಂತ. ನಾಯಿ ಗೆಲುವಾಗಿದ್ದು ಪ್ಲೇಟ್‌ಲೆಟ್ ಏರಿ ನಿಂತಿದ್ದರೆ, ಸುಮ್ನೆ ಆ ಗೆರೆಗೋಸ್ಕರ ಇನ್ನೊಂದು ಕೋರ್ಸ್ ಬೇಡ. ಪ್ಲೇಟ್‌ಲೆಟ್ ಲೆಕ್ಕದಲ್ಲೂ ಒಂದು ಎಚ್ಚರ: ಕಣಗಳು ಗುಂಪುಗೂಡಿದರೆ ಮೆಷಿನ್ ಕಡಿಮೆ ತೋರಿಸುತ್ತದೆ. ಅದನ್ನೂ ಸ್ಲೈಡಲ್ಲೇ ನೋಡಬೇಕು.

ಹೃದಯದ ಹುಳುವಿನ ಕಿಟ್ ಬೇರೆ ಥರ. ಅದು ಹಿಡಿಯುವುದು ಮುಖ್ಯವಾಗಿ ಬೆಳೆದ ಹೆಣ್ಣು ಹುಳು ಬಿಡುವ ಪ್ರೋಟೀನನ್ನು. ಸೊಳ್ಳೆ ಕಚ್ಚಿ ಸುಮಾರು ಆರು ತಿಂಗಳಾಗದೆ ಅದು ಸಿಗುವುದಿಲ್ಲ. ಹಾಗಾಗಿ ಮೂರು ತಿಂಗಳ ಮರಿಗೆ ಈ ಟೆಸ್ಟ್ ಮಾಡಿಸಿ ದುಡ್ಡು ಹಾಕಬೇಡಿ.

ನೀವು ಬರುವಾಗ ಹಳೆಯ ರಿಪೋರ್ಟ್, ಹಿಂದೆ ಕೊಟ್ಟ ಔಷಧದ ಹೆಸರು, ಉಣ್ಣೆ ಕಂಡ ದಿನ, ಇಷ್ಟು ತನ್ನಿ. ಕಳೆದ ಸಲ ಉಳಿದ ಡಾಕ್ಸಿ ಮಾತ್ರೆ ಮನೆಯಲ್ಲೇ ಕೊಟ್ಟು ಬರಬೇಡಿ. ಎರಡು ದಿನ ಕೊಟ್ಟ ಮೇಲೆ ಸ್ಲೈಡಲ್ಲಿ ಎರ್ಲಿಕಿಯಾ ಹುಡುಕುವುದು ಇನ್ನೂ ಕಷ್ಟ. ಯಾವ ಕಿಟ್, ಅದರಲ್ಲಿ ಯಾವ ಯಾವ ರೋಗ ನೋಡುತ್ತಾರೆ ಅಂತ ಕೇಳಿ, ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳಬಾರದು. ನಾಯಿ ಜಗಳ ಆಡಿ ಕಚ್ಚಿಸಿಕೊಂಡಿದ್ದರೆ ಅದನ್ನೂ ಹೇಳಿ, ಗಿಬ್ಸೋನಿ ಕಚ್ಚಾಟದಿಂದಲೂ ಹರಡುತ್ತದೆ. ರಕ್ತ ಕೊಡುವುದರಿಂದಲೂ ಹರಡುತ್ತದೆ. ನಿಮ್ಮ ನಾಯಿಯಿಂದ ಇನ್ನೊಂದು ನಾಯಿಗೆ ರಕ್ತ ಕೊಡಿಸುವ ಮೊದಲು ಬೇಬಿಸಿಯಾ ಪಿಸಿಆರ್ ಮಾಡಿಸಿ. ನೋಡಲು ಗಟ್ಟಿಮುಟ್ಟಾಗಿರುವ ನಾಯಿಯ ರಕ್ತದಲ್ಲೂ ಅದು ಸದ್ದಿಲ್ಲದೆ ಇರಬಹುದು.